ಅಣಕದ ಹಿಂದಿನ ಕವಿ

ಯಾವ ಪದ್ಯವನ್ನು ಜನರು ಅಣಕಿಸುವರೋ ಆ ಪದ್ಯವು ಭಾಗ್ಯಶಾಲಿಯೆಂದೇ ತಿಳಿಯಬೇಕು. ಯಾರಿಗೂ ಬಾಯಿಪಾಠವಿಲ್ಲದ ಕವಿತೆಯನ್ನು ಅಣಕಿಸಿದರೆ ನಗುವವರಾರು? ಮೂಲದ ನಡೆಯು ಕೇಳುವವನ ಕಿವಿಯಲ್ಲಿ ಮೊದಲೇ ಮನೆ ಮಾಡಿರಬೇಕು. ಆಗ ಮಾತ್ರ ನಡೆ ಅದೇ ಆಗಿದ್ದು ಮಾತು ಬೇರೆಯಾದುದರ ವಿನೋದವು ಅವನಿಗೆ ದಕ್ಕುವದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಶೃಂಗಾರದಿಂದ ಹಾಸ್ಯವು ಹುಟ್ಟುವದೆಂದೂ, ಶೃಂಗಾರದ ಅನುಕರಣವೇ ಹಾಸ್ಯವೆಂದೂ ಹೇಳಿರುವನು. ಅನುಕರಣದ ಈ ಮರ್ಮವನ್ನು ನಮ್ಮ ಪೂರ್ವಿಕರು ಎಂದೋ ಕಂಡುಕೊಂಡಿದ್ದರು. ಆದರೆ ನಗುವವನು ತಾನು ಯಾರನ್ನು ಕುರಿತು ನಗುತ್ತಿರುವೆನೆಂಬದನ್ನು ಯಾವಾಗಲೂ ಅರಿತಿರುವನೇ? ಈ ಪ್ರಶ್ನೆಯು ಧಾರವಾಡದ ಹೊಸಯಲ್ಲಾಪುರದ ಒಂದು ಮನೆಯ ಕಟ್ಟೆಯ ಮೇಲೆ, 1940ರ ಆಚೀಚಿನ ಒಂದು ಮಳೆಗಾಲದ ಸಂಜೆ, ಎದ್ದು ನಿಂತಿತು.

ಆ ಮನೆಯ ಯಜಮಾನರು ಒಬ್ಬ ಶಾಸ್ತ್ರಿಗಳು. ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಜ್ಯೋತಿಷಗಳನ್ನು ಓದಿ, ಊರಿನ ಒಂದು ಹಾಯಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದರು. ಮುಂಬಯಿ ಇಲಾಖೆಯ ಆಗಿನ ಹಲವು ಹಾಯಸ್ಕೂಲುಗಳಲ್ಲಿ ಸಂಸ್ಕೃತದಂತೆಯೇ ಫಾರಸಿಯೂ ಎರಡನೆಯ ಭಾಷೆಯಾಗಿತ್ತು. ಗಂಟೆ ಬಾರಿಸಿದೊಡನೆ ವರ್ಗವು ಒಡೆದು, ಹೆಚ್ಚಿನ ಹುಡುಗರು ಶಾಸ್ತ್ರಿಗಳ ಕೋಣೆಗೂ, ಏಳೆಂಟು ಮಂದಿ ಮುನಶಿಯವರ ಕೋಣೆಗೂ ಹೋಗುವರು. ಎರಡು ಕೋಣೆಗಳ ನಡುವೆ ಒಂದು ಹಲಗೆಯ ಗೋಡೆ. ಈ ಕಡೆಯ ರಘುವಂಶವು ಆ ಕಡೆಗೂ, ಆ ಕಡೆಯ ಸಾದಿಯ ಗುಲಿಸ್ತಾನವು ಈ ಕಡೆಗೂ ಕೇಳಿಸುತ್ತಿತ್ತು. ಶಾಸ್ತ್ರಿಗಳೂ ಮುನಶಿಯವರೂ ಇಪ್ಪತ್ತಾರು ವರ್ಷ ಹೀಗೆ ಕಳೆದರು. ಸಂಜೆಗೆ ಜೊತೆಯಾಗಿ ಕೆಲಗೇರಿಯ ಕೆರೆಯವರೆಗೆ ತಿರುಗಾಡುವರು. ಮಳೆಯಿದ್ದರೆ ಕಟ್ಟೆಯ ಮೇಲೆ ಕೂಡ್ರುವರು. ಮಾತು ಹುಡುಗರದು, ಸಂಬಳದ್ದು, ಮಾವಿನ ಹಣ್ಣಿನ ಧಾರಣೆಯದು. ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಎಂದೂ ಕೇಳಿರಲಿಲ್ಲ. ಅದು ಅಗೌರವದಿಂದಲ್ಲ; ಕೇಳಬೇಕೆಂಬದು ಹೊಳೆದಿರಲೇ ಇಲ್ಲ.

ಆ ಸಂಜೆ ಶಾಸ್ತ್ರಿಗಳ ತಮ್ಮನ ಮಗನು ಕಾಲೇಜಿನಿಂದ ನಗುತ್ತ ಬಂದನು. ಗೆಳೆಯರ ಕೂಟದಲ್ಲಿ ತಾನು ಓದಿದ ಇಂಗ್ಲಿಷ್ ಪದ್ಯಗಳಿಗೆ ಚಪ್ಪಾಳೆಯೋ ಚಪ್ಪಾಳೆ ಎಂದು ಹೇಳಿಕೊಂಡನು. ವಿಷಯವು ವಿದ್ಯಾರ್ಥಿಗಳ ಭೋಜನಾಲಯ. ಮೂಲದಲ್ಲಿ ಮರದ ನೆರಳು ಇದ್ದಲ್ಲಿ ಇವನು ಅಡಿಗೆಮನೆಯ ತಗಡಿನ ಚಪ್ಪರವನ್ನು ಇಟ್ಟಿದ್ದನು; ಮದ್ಯದ ಬದಲು ತಿಳಿಸಾರು; ಪಕ್ಕದಲ್ಲಿ ಹಾಡುವ ಪ್ರೇಯಸಿಯ ಬದಲು ಹಳೆಯ ಬಾಕಿಯನ್ನು ಕೇಳುವ ವ್ಯವಸ್ಥಾಪಕ. ಹುಡುಗನು ಅದನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದನು. ಶಾಸ್ತ್ರಿಗಳಿಗೆ ನಗೆ ಬರಲಿಲ್ಲ. "ಇದು ಯಾವುದರ ಅಣಕ?" ಎಂದು ಕೇಳಿದರು. "ಫಿಟ್ಜೆರಾಲ್ಡನ ಉಮರ ಖಯ್ಯಾಮನದು" ಎಂದನು ಹುಡುಗ. ಮುನಶಿಯವರು ತಲೆಯೆತ್ತಿ ನೋಡಿದರು, ಏನೂ ಅನ್ನಲಿಲ್ಲ.

ಆ ಹುಡುಗನು ಹೇಳಿದ ಕಥೆಯನ್ನು, ಅವನು ಬಿಟ್ಟ ಭಾಗಗಳನ್ನೂ ಕೂಡಿಸಿ, ಇಲ್ಲಿ ಹೇಳುವದು ಅವಶ್ಯ. ಎಡ್ವರ್ಡ್ ಫಿಟ್ಜೆರಾಲ್ಡನು 1809ರಲ್ಲಿ ಹುಟ್ಟಿದ ಅನುಕೂಲಸ್ಥನಾದ ಒಬ್ಬ ಇಂಗ್ಲಿಷ್ ಗೃಹಸ್ಥ. ಅವನಿಗೆ ಫಾರಸಿಯನ್ನು ಕಲಿಸಿದವನು ಅವನಿಗಿಂತ ಚಿಕ್ಕವನಾದ ಎಡ್ವರ್ಡ್ ಕಾವೆಲ್ ಎಂಬ ಮಿತ್ರ. ಆಕ್ಸಫರ್ಡಿನ ಗ್ರಂಥಾಲಯದಲ್ಲಿ ಉಮರನ 158 ರುಬಾಯಿಗಳ ಒಂದು ಹಸ್ತಪ್ರತಿಯನ್ನು ಕಂಡು 1856ರಲ್ಲಿ ಅದರ ನಕಲನ್ನು ಮಿತ್ರನಿಗೆ ಕೊಟ್ಟು, ಕಾವೆಲನು ಅದೇ ವರ್ಷ ಕಲಕತ್ತೆಗೆ ಅಧ್ಯಾಪಕನಾಗಿ ಬಂದನು. ಅಲ್ಲಿಯ ಏಶಿಯಾಟಿಕ್ ಸೊಸಾಯಿಟಿಯಲ್ಲಿ ಇನ್ನೊಂದು ಪ್ರತಿಯು ದೊರೆಯಲು, ಅದರ ನಕಲನ್ನೂ ಕಳಿಸಿದನು. ಮುಂದೆ ಇದೇ ಕಾವೆಲನು ಕಲಕತ್ತೆಯ ಸಂಸ್ಕೃತ ಕಾಲೇಜಿನ ಮುಖ್ಯಾಧ್ಯಾಪಕನಾಗಿ, 1867ರಲ್ಲಿ ಕೇಂಬ್ರಿಜಿನಲ್ಲಿ ಸಂಸ್ಕೃತದ ಮೊದಲನೆಯ ಪ್ರಾಧ್ಯಾಪಕನಾದನು. 1882ರಲ್ಲಿ ಗಫ್ ಎಂಬವನೊಡನೆ ಮಾಧವಾಚಾರ್ಯರ ಸರ್ವದರ್ಶನಸಂಗ್ರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ವಿಜಯನಗರದ ಕಾಲದ ಆ ಗ್ರಂಥದ ಮೊದಲನೆಯ ದರ್ಶನವೇ ಚಾರ್ವಾಕ. ಉಮರನನ್ನು ಲೋಕಕ್ಕೆ ತಂದುಕೊಟ್ಟ ಕೈಯೂ ಚಾರ್ವಾಕನನ್ನು ಒಳಗೊಂಡ ನಮ್ಮ ಗ್ರಂಥವನ್ನು ಇಂಗ್ಲಿಷಿಗೆ ಇಳಿಸಿದ ಕೈಯೂ ಒಂದೇ ಎಂಬದನ್ನು ಶಾಸ್ತ್ರಿಗಳು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಫಿಟ್ಜೆರಾಲ್ಡನ ಪುಸ್ತಕವು 1859ರಲ್ಲಿ ಹೆಸರಿಲ್ಲದೆ, 250 ಪ್ರತಿಗಳಾಗಿ, 75 ಪದ್ಯಗಳೊಡನೆ ಹೊರಬಿದ್ದಿತು. ಕೊಳ್ಳುವವರಿಲ್ಲದೆ ಅಂಗಡಿಯ ಹೊರಗಿನ ಅಗ್ಗದ ಪೆಟ್ಟಿಗೆಯನ್ನು ಸೇರಿತು. 1861ರಲ್ಲಿ ಅದು ಕೆಲವು ರಸಿಕರ ಕಣ್ಣಿಗೆ ಬಿದ್ದು ಕೈಯಿಂದ ಕೈಗೆ ಹೋಯಿತು. ಅವರಲ್ಲಿ ಒಬ್ಬನಾದ ವಿಟ್ಲೀ ಸ್ಟೋಕ್ಸನು ನ್ಯಾಯಶಾಸ್ತ್ರಜ್ಞನಾಗಿ ಮದರಾಸಿಗೆ ಬಂದು, 1862ರಲ್ಲಿ ಅದನ್ನು ಅಲ್ಲಿಯೇ ಅಚ್ಚು ಹಾಕಿಸಿದನು. ಕರ್ತೃವಿನ ಅಪ್ಪಣೆಯಿಲ್ಲದ ಆ ಎರಡನೆಯ ಮುದ್ರಣವು ನಮ್ಮ ದಕ್ಷಿಣದೇಶದಲ್ಲಿಯೇ ಆದುದು. ಮುಂದೆ 1868, 1872, 1879ರಲ್ಲಿ ಕರ್ತೃವು ತಿದ್ದುತ್ತ ಹೋಗಿ 101 ಪದ್ಯಗಳಿಗೆ ನಿಲ್ಲಿಸಿದನು.

ಇದು ಅನುವಾದವೋ ಸ್ವತಂತ್ರ ಕೃತಿಯೋ ಎಂಬ ವಾದಕ್ಕೆ 1899ರಲ್ಲಿ ಹೆರನ್ ಆಲನ್ ಎಂಬ ಪಂಡಿತನು ಲೆಕ್ಕ ಹಾಕಿ ಉತ್ತರ ಕೊಟ್ಟನು. 101ರಲ್ಲಿ 49 ಪದ್ಯಗಳಿಗೆ ಒಂದೊಂದು ಮೂಲ ರುಬಾಯಿಯುಂಟು. 44 ಪದ್ಯಗಳು ಒಂದಕ್ಕಿಂತ ಹೆಚ್ಚು ರುಬಾಯಿಗಳನ್ನು ಹೊಸೆದು ಮಾಡಿದವು. ಉಳಿದ ಕೆಲವಕ್ಕೆ ಅತ್ತಾರ, ಹಾಫಿಜ ಮೊದಲಾದ ಬೇರೆ ಆಧಾರಗಳು. ಫಾರಸಿಯ ಸಂಗ್ರಹಗಳಲ್ಲಿ ರುಬಾಯಿಗಳು ಅಂತ್ಯಾಕ್ಷರದ ಕ್ರಮದಲ್ಲಿ ಬಿಡಿಬಿಡಿಯಾಗಿರುತ್ತವೆ, ನಮ್ಮ ಮುಕ್ತಕಗಳಂತೆ. ಫಿಟ್ಜೆರಾಲ್ಡನು ಅವನ್ನು ಒಂದು ದಾರದಲ್ಲಿ ಪೋಣಿಸಿ, ಬೆಳಗಿನಿಂದ ಚಂದ್ರೋದಯದವರೆಗಿನ ಒಂದು ದಿನದ ಮಾಲೆಯನ್ನು ಮಾಡಿದನು. ಒಂದು, ಎರಡು, ನಾಲ್ಕನೆಯ ಸಾಲುಗಳಿಗೆ ಪ್ರಾಸವಿಟ್ಟು ಮೂರನೆಯದನ್ನು ಸಡಿಲು ಬಿಡುವ ಫಾರಸಿಯ ಕಟ್ಟನ್ನು ಮಾತ್ರ ಕೈಬಿಡಲಿಲ್ಲ. ಮೂರನೆಯ ಸಾಲಿನಲ್ಲಿ ಕಿವಿಯು ಕಾಯುತ್ತದೆ. ನಾಲ್ಕನೆಯದರಲ್ಲಿ ಬಾಗಿಲು ಮುಚ್ಚುತ್ತದೆ. ಅಣಕವಾಡುವವರಿಗೆ ಇದಕ್ಕಿಂತ ಒಳ್ಳೆಯ ಅಚ್ಚು ಬೇಕೇ?

ಆದ್ದರಿಂದಲೇ ಅಣಕಗಳು ಸುಗ್ಗಿಯಂತೆ ಬಂದವು. ಬೆಕ್ಕಿನ ಮರಿಯ ರುಬಾಯಿಗಳು 1904ರಲ್ಲಿ, ಮೋಟಾರುಗಾಡಿಯ ರುಬಾಯಿಗಳು 1906ರಲ್ಲಿ ಅಮೇರಿಕೆಯಲ್ಲಿ ಪುಸ್ತಕಗಳಾಗಿ ಹೊರಟವು. ಆದರೆ ಅವಕ್ಕೆಲ್ಲ ಮುಂಚೆ, ನಮ್ಮ ದೇಶದ ಮಣ್ಣಿನಲ್ಲಿಯೇ ಒಂದು ಅಣಕವು ಹುಟ್ಟಿತ್ತು. 1886ರಲ್ಲಿ ಸರಕಾರವು ಆದಾಯದ ಮೇಲೆ ಕರವನ್ನು ವಿಧಿಸಿತು. ಆಗಿನ ಹಣಕಾಸಿನ ಸದಸ್ಯನು ಸರ್ ಆಕ್ಲಂಡ್ ಕಾಲ್ವಿನ್. ಲಾಹೋರಿನಲ್ಲಿ ಪತ್ರಿಕೆಯ ಕೆಲಸದಲ್ಲಿದ್ದ ಯುವಕ ಕಿಪ್ಲಿಂಗನು ಕಾಲ್ವಿನ್ನನನ್ನು 'ಉಮರ ಕಾಲ್ವಿನ'ನನ್ನಾಗಿಸಿ, ರುಬಾಯಿಯಾತವನ್ನು 'ರುಪಾಯಿಯಾತ'ವನ್ನಾಗಿಸಿದನು. ಖಯ್ಯಾಮನು ಬಟ್ಟಲನ್ನು ಬೇಡಿದರೆ ಈ ಉಮರನು ಪ್ರಜೆಗಳ ಮುಂದೆ ಭಿಕ್ಷಾಪಾತ್ರೆಯನ್ನು ಹಿಡಿಯುವನು! ಹುಡುಗನು ಇದನ್ನು ಹೇಳಿದಾಗ ಶಾಸ್ತ್ರಿಗಳೂ ಮುನಶಿಯವರೂ ಕೂಡಿಯೇ ನಕ್ಕರು. ರುಪಾಯಿಯ ಸಂಕಟವನ್ನು ತಿಳಿಯುವದಕ್ಕೆ ಇಂಗ್ಲಿಷೂ ಬೇಡ, ಫಾರಸಿಯೂ ಬೇಡ.

ನಗೆ ಇಳಿದ ಮೇಲೆ ಶಾಸ್ತ್ರಿಗಳು ಗಂಭೀರರಾದರು. ಹುಡುಗನು ಫಿಟ್ಜೆರಾಲ್ಡನ ಹತ್ತಾರು ಪದ್ಯಗಳ ತಾತ್ಪರ್ಯವನ್ನು ಹೇಳಿದ್ದನು. "ಇದರಲ್ಲಿ ಹೊಸದೇನು? ಇಂದು ಕುಡಿ, ನಾಳೆ ಮಣ್ಣು. ಇದು ಲೋಕಾಯತ. ನಮ್ಮವರು ಇದನ್ನು ಪೂರ್ವಪಕ್ಷವಾಗಿ ಬರೆದಿಟ್ಟು ಖಂಡಿಸಿ ಮುಗಿಸಿದ್ದಾರೆ" ಎಂದು ತೀರ್ಪು ಕೊಟ್ಟರು. ಆಗ ಮುನಶಿಯವರು ಮೊದಲನೆಯ ಸಲ ಬಾಯಿ ತೆರೆದರು. "ಶಾಸ್ತ್ರಿಗಳೇ, ಭರ್ತೃಹರಿಯ ಶೃಂಗಾರಶತಕವೊಂದೇ ಉಳಿದು ವೈರಾಗ್ಯಶತಕವು ಕಳೆದುಹೋಗಿದ್ದರೆ, ಮತ್ತು ಆ ಶೃಂಗಾರವೂ ಒಬ್ಬ ಪರದೇಶಿಯ ಬಾಯಿಂದ ನಿಮಗೆ ಬಂದಿದ್ದರೆ, ಭರ್ತೃಹರಿಯನ್ನು ಏನೆಂದು ಕರೆಯುತ್ತಿದ್ದಿರಿ?" ಎಂದು ಮೆಲ್ಲಗೆ ಕೇಳಿದರು. ಶಾಸ್ತ್ರಿಗಳು ಸುಮ್ಮನಾದರು.

ಮುನಶಿಯವರು ಎತ್ತಿದ ಈ ಪ್ರಶ್ನೆಯೇ ಪಶ್ಚಿಮದಲ್ಲಿಯೂ ದೊಡ್ಡ ಜಗಳವಾಗಿತ್ತು. 1867ರಲ್ಲಿ ನಿಕೊಲಾ ಎಂಬ ಫ್ರೆಂಚನು ಉಮರನನ್ನು ಸೂಫಿಯೆಂದು ಸಾರಿ, ಮದ್ಯವೆಂದರೆ ಭಗವಂತನೆಂದು ಅರ್ಥ ಮಾಡಿದನು. ಫಿಟ್ಜೆರಾಲ್ಡನು ಮರುವರ್ಷದ ಮುದ್ರಣದಲ್ಲಿಯೇ ಅದನ್ನು ಅಲ್ಲಗಳೆದು, ಮದ್ಯವೆಂದರೆ ಮದ್ಯವೇ ಎಂದು ಹಟ ಹಿಡಿದನು. 1937ರಿಂದ ಪರಮಹಂಸ ಯೋಗಾನಂದರು ತಮ್ಮ ಅಮೇರಿಕೆಯ ಪತ್ರಿಕೆಯಲ್ಲಿ ಫಿಟ್ಜೆರಾಲ್ಡನ ಆ ಇಂಗ್ಲಿಷ್ ಪದ್ಯಗಳಿಗೇ ಯೋಗಪರವಾದ ಭಾಷ್ಯವನ್ನು ಬರೆದರು. ಅನುವಾದಕನು ಒಲ್ಲೆನೆಂದ ಅರ್ಥವು ಅವನ ಮಾತಿನಿಂದಲೇ ಹೊರಟಿತು! 1967ರಲ್ಲಂತೂ ರಾಬರ್ಟ್ ಗ್ರೇವ್ಸ್ ಎಂಬ ಪ್ರಸಿದ್ಧ ಕವಿಯು, ಪುರಾತನ ಹಸ್ತಪ್ರತಿಯೊಂದರ ಮೇಲಿಂದ ಮಾಡಿದ್ದೆಂದು ಹೇಳಿ, ನಿಜವಾದ ಸೂಫಿ ಉಮರನನ್ನು ಪ್ರಕಟಿಸಿದನು. ಹಸ್ತಪ್ರತಿಯು ಯಾರ ಕಣ್ಣಿಗೂ ಬೀಳಲಿಲ್ಲ. ಅದರ ಪದ್ಯಗಳ ಸಾಲು ಹೆರನ್ ಆಲನ್ನನ 1899ರ ಗ್ರಂಥದಿಂದಲೇ ಬಂದುದೆಂದು ವಿದ್ವಾಂಸರು ತೋರಿಸಿಕೊಟ್ಟರು. ಮೂಲವನ್ನು ಹುಡುಕಹೋದವನು ಇಂಗ್ಲಿಷಿನವನ ಪಟ್ಟಿಯಲ್ಲಿಯೇ ಎಡವಿದನು.

ಕಟ್ಟೆಯ ಮೇಲೆ ಮುನಶಿಯವರು ಕೊಟ್ಟ ಉತ್ತರವು ಇಷ್ಟು ದೊಡ್ಡದಾಗಿರಲಿಲ್ಲ. "ನನ್ನ ತಂದೆ ಮದ್ಯವೆಂದರೆ ದೇವರ ಪ್ರೇಮವೆಂದು ಹೇಳುತ್ತಿದ್ದರು. ವಿಜಾಪುರದಲ್ಲಿ ನನಗೆ ಓದಿಸಿದ ಗುರುಗಳು ಮದ್ಯವೆಂದರೆ ಮದ್ಯವೆಂದರು. ಇಬ್ಬರೂ ಜನ್ಮದಲ್ಲಿ ಅದನ್ನು ಮುಟ್ಟಿದವರಲ್ಲ. ನಾನು ಹುಡುಗರಿಗೆ ಎರಡನ್ನೂ ಹೇಳಿ ಬಿಡುತ್ತೇನೆ" ಎಂದರು. ಆಮೇಲೆ ಶಾಸ್ತ್ರಿಗಳ ಕಡೆಗೆ ತಿರುಗಿ, "ನಿಮಗೆ ಬೇಕಾದ ಉಮರನು ಬೇರೊಬ್ಬನಿದ್ದಾನೆ. ಅವನು ನಿಮ್ಮಂತೆ ಗಣಿತದವನು" ಎಂದರು. 1048ರಲ್ಲಿ ನಿಶಾಪುರದಲ್ಲಿ ಹುಟ್ಟಿ 1131ರಲ್ಲಿ ತೀರಿದ ಉಮರನು ತನ್ನ ಕಾಲದಲ್ಲಿ ಕವಿಯೆಂದಲ್ಲ, ಜ್ಯೋತಿರ್ವಿದನೆಂದೂ ಗಣಿತಜ್ಞನೆಂದೂ ಹೆಸರಾದವನು. ಘನಸಮೀಕರಣಗಳನ್ನು ರೇಖಾಗಣಿತದಿಂದ ಬಿಡಿಸಿದವನು. ವಸಂತವಿಷುವದ ದಿನವೇ ವರ್ಷವು ಆರಂಭವಾಗುವಂತೆ 1079ರಲ್ಲಿ ಜಾರಿಗೆ ಬಂದ ಜಲಾಲೀ ಪಂಚಾಂಗವನ್ನು ರಚಿಸಿದ ಮಂಡಲಿಯಲ್ಲಿ ಇದ್ದವನು. ಪಂಚಾಂಗದ ಮಾತು ಬಂದುದೇ ತಡ, ಶಾಸ್ತ್ರಿಗಳ ಲೋಕಾಯತ ಖಂಡನವು ಎಲ್ಲಿಯೋ ಹೋಯಿತು. ಗ್ರಹಗತಿಯನ್ನು ಎಣಿಸಿ ಎಣಿಸಿ ರಾತ್ರಿ ಕಳೆದವನಿಗೆ ಮನುಷ್ಯನ ಬಾಳು ಅಷ್ಟು ಚಿಕ್ಕದಾಗಿ ಕಂಡುದು ಸಹಜವೇ ಎಂದು ಅವರೇ ವಕಾಲತ್ತು ಮಾಡತೊಡಗಿದರು.

ಹುಡುಗನು ಒಳಗಿನಿಂದ ಇನ್ನೊಂದು ಪುಸ್ತಕವನ್ನು ತಂದನು: ಡಿ. ವಿ. ಗುಂಡಪ್ಪನವರ 'ಉಮರನ ಒಸಗೆ.' ಅದು ಬಂದು ಆಗ ಸುಮಾರು ಹತ್ತು ವರ್ಷವಾಗಿತ್ತು. ಫಿಟ್ಜೆರಾಲ್ಡನ ಇಂಗ್ಲಿಷಿನ ಮೇಲಿಂದ ಮಾಡಿದ ಆ ಕೃತಿಯೇ ಕನ್ನಡದ ಮನೆಗಳಲ್ಲಿ ಉಮರನ ಹೆಸರನ್ನು ನೆಲೆಗೊಳಿಸಿತು. ಒಸಗೆಯೆಂಬದು ಹಳಗನ್ನಡದ ಮಂಗಳದ ಮಾತು, ಶುಭವಾರ್ತೆ, ಉತ್ಸವ. ಪಾನಗೋಷ್ಠಿಯ ಕವಿಯನ್ನು ಮದುವೆಮನೆಯ ಮಾತಿನಿಂದ ಒಳಗೆ ಕರೆದುಕೊಂಡ ಜಾಣತನವು ಆ ಹೆಸರಿನಲ್ಲಿಯೇ ಇದೆ. ಅದೇ ಲೇಖನಿಯು 1943ರಲ್ಲಿ ನಾಲ್ಕು ಸಾಲಿನ ಪದ್ಯಗಳಲ್ಲಿಯೇ ಮಂಕುತಿಮ್ಮನನ್ನು ಕೊಟ್ಟಿತು. ಉಮರನು ಕೇಳಿದ ಪ್ರಶ್ನೆಗಳನ್ನೇ ಈ ತಿಮ್ಮನೂ ಕೇಳುವನು. ಆದರೆ ಇವನ ಕೈಯಲ್ಲಿ ಬಟ್ಟಲಿಲ್ಲ, ಹೆಗಲ ಮೇಲೆ ಸಂಸಾರವಿದೆ. ಮುನಶಿಯವರು ಕನ್ನಡದ ಒಸಗೆಯನ್ನು ಕಣ್ಣು ಮುಚ್ಚಿ ಕೇಳಿದರು. "ಮೈಮೇಲೆ ಮೂರನೆಯ ಅಂಗಿ. ಆದರೂ ನಡಿಗೆ ಗುರುತು ಹತ್ತುತ್ತದೆ" ಎಂದರು.

ಹುಡುಗನು ಉತ್ಸಾಹದಿಂದ, ಮರಾಠಿಯಲ್ಲಿ ಹಾಗಲ್ಲ, ಮಾಧವ ಜೂಲಿಯನ್ನರು ಫಾರಸಿಯ ಪ್ರಾಧ್ಯಾಪಕರೇ ಆದುದರಿಂದ 1929ರಲ್ಲಿ ಮೂಲದಿಂದಲೇ ರುಬಾಯಿಗಳನ್ನು ತಂದರು, ಆಮೇಲೆ ಫಿಟ್ಜೆರಾಲ್ಡನನ್ನೂ ಬೇರೆಯಾಗಿ 'ದ್ರಾಕ್ಷಕನ್ಯಾ' ಎಂದು ತಂದರು ಎಂದನು. ಅವರು ಸೇರಿದ್ದ ರವಿಕಿರಣ ಮಂಡಳದ ಕವಿಗಳನ್ನು ಅತ್ರೆಯವರು 1925ರಲ್ಲಿಯೇ 'ಝೆಂಡೂಚೀ ಫುಲೇ'ಯಲ್ಲಿ ಅಣಕಿಸಿ ಊರನ್ನೆಲ್ಲ ನಗಿಸಿದ್ದುದು ಧಾರವಾಡದ ಮರಾಠಿ ಬಲ್ಲ ಮನೆಗಳಿಗೆ ಗೊತ್ತಿದ್ದ ಸಂಗತಿ. ಪೂರ್ವಕ್ಕೆ ತೆಲುಗರಲ್ಲಿ ಹರಿಕಥೆಯ ಆದಿಭಟ್ಲ ನಾರಾಯಣದಾಸರು 1932ರಲ್ಲಿ ಫಾರಸಿಯ ಮೂಲವನ್ನೂ ಫಿಟ್ಜೆರಾಲ್ಡನನ್ನೂ ಎದುರು ಬದುರು ಇಟ್ಟು, ಎರಡನ್ನೂ ಸಂಸ್ಕೃತಕ್ಕೂ ಅಚ್ಚ ತೆಲುಗಿಗೂ ತಿರುಗಿಸಿದ್ದರು. ಎರಡು ಕಡೆಯ ನೆರೆಯವರೂ ಮೂಲದ ಬಾಗಿಲನ್ನು ತಟ್ಟಿದ್ದರು.

ಈ ಮಾತಿಗೆ ಮುನಶಿಯವರು ಏನು ಹೇಳಿದರೆಂಬದನ್ನು ಆ ಹುಡುಗನು ತನ್ನ ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವರಂತೆ ಹೇಳಿದರಂತೆ: "ಬಹಮನಿ ಸುಲ್ತಾನನು ಶಿರಾಜಿನಿಂದ ಹಾಫಿಜನನ್ನು ಕಲಬುರ್ಗಿಗೆ ಕರೆಸಿದನು. ಹಾಫಿಜನು ಹುರ್ಮುಜದಲ್ಲಿ ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದು, ಒಂದು ಗಜಲನ್ನು ಕಳಿಸಿ ತಾನು ಉಳಿದನೆಂದು ಫಿರಿಸ್ತನು ಬರೆದಿದ್ದಾನೆ. ಫಿರಿಸ್ತನು ಅದನ್ನು ಬರೆದದ್ದು ನಮ್ಮ ವಿಜಾಪುರದಲ್ಲಿ. ಜುಹೂರಿಯು ಇದ್ದದ್ದು ಅಲ್ಲಿಯೇ, ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿ. ಈ ಧಾರವಾಡದ ಕೋಟೆಯು 1573ರಿಂದ ಅವರ ಕೈಯಲ್ಲಿತ್ತು. ಕಾಗದ, ದಫ್ತರ, ಜಮೀನು, ಗುಲಾಬಿ: ಇವನ್ನು ಫಾರಸಿಯವರ ಬಾಯಿಂದಲೇ ನೀವು ತೆಗೆದುಕೊಂಡಿರಿ. ಹಾಫಿಜನು ಬರಲಿಲ್ಲ, ಹೋಗಲಿ. ಉಮರನು ಬಂದನು, ಆದರೆ ಲಂಡನ್ನಿನಿಂದ ಬಂದನು. ಇಪ್ಪತ್ತಾರು ವರ್ಷ ಹಲಗೆಯ ಆಚೆ ನಾನು ಕುಳಿತಿದ್ದೇನೆ. ಒಂದು ರುಬಾಯಿಯನ್ನು ಹೇಳಿರೆಂದು ನನ್ನನ್ನು ಈ ಊರಿನಲ್ಲಿ ಕೇಳಿದವರಿಲ್ಲ."

ಮಳೆ ನಿಂತಿರಲಿಲ್ಲ. ಶಾಸ್ತ್ರಿಗಳು ಬಹಳ ಹೊತ್ತು ನೆಲವನ್ನು ನೋಡುತ್ತ ಕುಳಿತರು. ಆಮೇಲೆ ಎದ್ದು ಒಳಗೆ ಹೋಗಿ, ಹಿಂದಿನ ವರ್ಷದ ಪಂಚಾಂಗವನ್ನೂ ಸೀಸದಕಡ್ಡಿಯನ್ನೂ ತಂದು, ಶಿಷ್ಯನು ಗುರುವಿನ ಎದುರಿಗೆ ಕೂಡ್ರುವಂತೆ ಕೂತು, "ಈಗ ಹೇಳಿರಿ" ಎಂದರು.

ಮುನಶಿಯವರು ಮೊದಲು ಕವಿಯ ಹೆಸರನ್ನು ಹೇಳಿದರು. ಶಾಸ್ತ್ರಿಗಳು 'ಖ'ಕಾರವನ್ನು ಬರೆದರು. ಮುನಶಿಯವರು ತಲೆಯಾಡಿಸಿ, ಅದು ಖಕಾರವಲ್ಲ, ಗಂಟಲಿನ ಕೆಳಗಿನಿಂದ ಉಜ್ಜಿ ಬರುವ ಬೇರೆ ಅಕ್ಷರ ಎಂದರು. ಶಿಕ್ಷೆ, ಪ್ರಾತಿಶಾಖ್ಯಗಳಲ್ಲಿ ಸ್ಥಾನ ಪ್ರಯತ್ನಗಳನ್ನು ಓದಿದ ಶಾಸ್ತ್ರಿಗಳು ನಾಲ್ಕಾರು ಸಲ ಪ್ರಯತ್ನಿಸಿದರು. ಕಡೆಗೆ ಕ್ ಎಂಬದರ ಹಿಂದಿನ ವಿಸರ್ಗಕ್ಕೆ ಜಿಹ್ವಾಮೂಲೀಯವೆಂದು ನಾವು ಹೇಳುವದು ಇದರ ಹತ್ತಿರದ ಧ್ವನಿಯೇ ಅಲ್ಲವೇ ಎಂದು ಕಂಡುಹಿಡಿದು ಮಗುವಿನಂತೆ ಹಿಗ್ಗಿದರು. ಖಕಾರದ ಕೆಳಗೆ ಒಂದು ಚುಕ್ಕೆಯನ್ನಿಟ್ಟರು. ಆ ರಾತ್ರಿ ಎರಡು ರುಬಾಯಿಗಳು ಕನ್ನಡ ಅಕ್ಷರದಲ್ಲಿ, ಅಲ್ಲಲ್ಲಿ ಚುಕ್ಕೆಗಳೊಡನೆ, ಪಂಚಾಂಗದ ಬೆನ್ನಿನ ಮೇಲೆ ಇಳಿದವು. ಹುಡುಗನು ಪುಸ್ತಕವನ್ನು ಎಷ್ಟು ತಿರುವಿದರೂ ಅವುಗಳಲ್ಲಿ ಒಂದು ಫಿಟ್ಜೆರಾಲ್ಡನಲ್ಲಿ ಸಿಕ್ಕಲೇ ಇಲ್ಲ. ಅದರಲ್ಲಿ ಮದ್ಯವೂ ಇರಲಿಲ್ಲ.

ವಾರಕ್ಕೊಂದು ರುಬಾಯಿ ಎಂದು ಇಬ್ಬರೂ ಗೊತ್ತು ಮಾಡಿಕೊಂಡರು. ಆದರೆ ಮುನಶಿಯವರ ನೌಕರಿಯು ಆ ವರ್ಷವೇ ಮುಗಿಯುವದಿತ್ತು. ಶ್ರಾವಣದಲ್ಲಿ ಅವರಿಗೆ ಜ್ವರ ಬಂದಿತು. ಮಗನು ಬಂದು ವಿಜಾಪುರಕ್ಕೆ ಕರೆದುಕೊಂಡು ಹೋದನು. ದೀಪಾವಳಿಗಿಂತ ಮುಂಚೆ ಒಂದು ಕಾರ್ಡು ಬಂದಿತು. ಶಾಸ್ತ್ರಿಗಳು ಅದನ್ನು ಓದಿ, ಪಂಚಾಂಗದೊಳಗೆ ಇಟ್ಟು, ಆ ದಿನ ಶಾಲೆಗೆ ಹೋಗಿ ಪಾಠ ಹೇಳಿದರು. ಹಲಗೆಯ ಆಚೆಯ ಕೋಣೆಯಲ್ಲಿ ಸದ್ದಿರಲಿಲ್ಲ.

ಆ ಪಂಚಾಂಗವು ಆ ಮನೆಯಲ್ಲಿ ಬಹುಕಾಲ ಇದ್ದಿತು. ಹುಡುಗನು ಮುಂದೆ ದೊಡ್ಡವನಾಗಿ, ಮೂಲವೂ ಅನುವಾದವೂ ಒಂದೇ ಪುಟದಲ್ಲಿರುವ ಅಚ್ಚಿನ ಪುಸ್ತಕಗಳನ್ನು ಕೊಂಡನು. ಅವು ಈಗ ಯಾರಿಗೂ ದುರ್ಲಭವಲ್ಲ. ತಾನು ಬರೆದ ಭೋಜನಾಲಯದ ಅಣಕವನ್ನು ಅವನು ಹರಿದುಹಾಕಲಿಲ್ಲ. ಅದರಲ್ಲಿ ನಾಚಿಕೆಪಡುವಂಥದೇನೂ ಇರಲಿಲ್ಲ. ಅಣಕವು ಫಿಟ್ಜೆರಾಲ್ಡನದಾಗಿತ್ತು, ಅವನಿಗೆ ಅದು ಸಲ್ಲತಕ್ಕ ಗೌರವವೇ ಆಗಿತ್ತು. ಆದರೆ ಪಂಚಾಂಗದ ಆ ಎರಡು ಪದ್ಯಗಳನ್ನು ಓದಲು ಹೋದಾಗಲೆಲ್ಲ ಚುಕ್ಕೆಯಿಟ್ಟ ಅಕ್ಷರಗಳ ಬಳಿ ಅವನ ನಾಲಗೆಯು ನಿಲ್ಲುತ್ತಿತ್ತು. ಕೆಲವು ಚುಕ್ಕೆಗಳು ಯಾವ ಧ್ವನಿಗೆ ಗುರುತಾಗಿದ್ದವೆಂಬದು ದೊಡ್ಡಪ್ಪನಿಗೆ ಗೊತ್ತಿತ್ತು, ದೊಡ್ಡಪ್ಪನಿಗೆ ಹೇಳಿದವರಿಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ.

ಅನುವಾದಗಳೂ ಭಾಷ್ಯಗಳೂ ಅಣಕಗಳೂ ದೂರದ ಕವಿಯನ್ನು ಹತ್ತಿರ ತರುವವು. ಅವಕ್ಕೆ ನಾವು ಕೃತಜ್ಞರಾಗಿರತಕ್ಕದ್ದು. ಆದರೆ ಕೆಲವು ವೇಳೆ ಕವಿಯು ದೂರದಲ್ಲಿರುವದಿಲ್ಲ. ನೆರೆಯ ಕೋಣೆಯಲ್ಲಿ, ಹಲಗೆಯ ಆಚೆ, ಏಳೆಂಟು ಹುಡುಗರಿಗೆ ಅವನನ್ನು ಓದಿಸುತ್ತ ಒಬ್ಬರು ಕುಳಿತಿರುತ್ತಾರೆ. ಅವರನ್ನು ಕೇಳುವದಕ್ಕೆ ಹಡಗು ಬೇಕಾಗಿಲ್ಲ. ಅವರು ಇರುವಾಗ ಕೇಳಬೇಕು, ಅಷ್ಟೇ.